ಆಟಿಗೆ ಬಂದ ಅಳಿಯ

ಬಂಗಾಳಿಯಲ್ಲಿ ಕಪ್ಪೆಗೆ ಬ್ಯಾಂಗ್ ಎನ್ನುತ್ತಾರೆ. ನಾನು ಬ್ಯಾಂಕಿನವನು, ಕಲ್ಕತ್ತದ ಬೆಹಾಲಾದಲ್ಲಿನ ನನ್ನ ಬಾಡಿಗೆ ಮನೆಯ ಹಿಂದಿನ ಕೊಳದಲ್ಲಿದ್ದವರು ಬ್ಯಾಂಗಿನವರು. ಅವರಿಗೆ ಟ್ರಾನ್ಸ್‌ಫರ್ ಇರಲಿಲ್ಲ, ನನಗೆ ಇತ್ತು; ಬೇರೆ ಹೆಚ್ಚಿನ ವ್ಯತ್ಯಾಸ ಕಾಣೆ. ಮಳೆಗಾಲದ ಸಂಜೆ ಬಸ್ಸಿಳಿದು ಬಂದು, ಅಂಗಿ ಕಳಚಿ, ಹಿತ್ತಿಲ ಬಾಗಿಲು ತೆರೆದು ಗಂಟಲಿನ ಬುಡದಿಂದ ಒಮ್ಮೆ 'ಕ್ವಾಂಗ್' ಎಂದರೆ ಆಚೆ ದಡದಿಂದ ಒಬ್ಬ ಉತ್ತರಿಸುತ್ತಿದ್ದ. ಆಮೇಲೆ ಇನ್ನೊಬ್ಬ. ಆಮೇಲೆ ಇಡೀ ಬ್ರಾಂಚು. ಹಾಜರಿ ಮುಗಿದ ಮೇಲೆ ನಾನು ಅನ್ನಕ್ಕಿಡುತ್ತಿದ್ದೆ.

ಕೇಳಿದ ದನಿಯನ್ನು ಕೇಳಿದ ಹಾಗೇ ವಾಪಸು ಕೊಡುವುದು ನನ್ನ ಚಟ. ನಮ್ಮ ಮ್ಯಾನೇಜರರ ಕೆಮ್ಮು, ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಹೇಳುವ ಹೆಂಗಸು, ಮೆರವಣಿಗೆಯವರ 'ಚೊಲ್ಬೇ ನಾ, ಚೊಲ್ಬೇ ನಾ', ಅಂದರೆ ನಡೆಯುವುದಿಲ್ಲ, ನಡೆಯುವುದಿಲ್ಲ ಎನ್ನುತ್ತಲೇ ರಸ್ತೆಯುದ್ದ ನಡೆದು ಹೋಗುವವರ ಕೂಗು, ಎಲ್ಲ ಬರುತ್ತದೆ. ಮದುವೆಯಾಗದೆ ಉಳಿದದ್ದೂ ಇದರಿಂದಲೇ. ಉಡುಪಿಯ ಹತ್ತಿರ ಹೆಣ್ಣು ನೋಡಲು ಹೋದಾಗ, ಒಳಗಿದ್ದ ಹುಡುಗಿಯನ್ನು "ಕಾಫಿ ತಾ ಮಗಾ" ಎಂದು ಅವಳಪ್ಪನ ದನಿಯಲ್ಲಿ ಕರೆದೆ. ಹುಡುಗಿ ಕಾಫಿ ತಂದಳು. ಅಪ್ಪ ನನ್ನ ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ಕೂತಿದ್ದ. ಆಮೇಲೆ ಆ ಬಾಯಿ ತೆರೆಯಿತು. ಈಗ ನನಗೆ ನಲವತ್ತೇಳು. ಎಷ್ಟು ಜನರ ದನಿಯಲ್ಲಿ ಮಾತಾಡಿದರೂ ಮನೆಯಲ್ಲಿರುವವನು ಒಬ್ಬನೇ. ಕಪ್ಪೆಗಳ ಒಳ್ಳೆಯ ಗುಣವೆಂದರೆ ಅವು ನಕಲಿ ಕೂಗಿಗೂ ಅಸಲಿ ಉತ್ತರ ಕೊಡುತ್ತಿದ್ದವು.

ಆ ವರ್ಷ ಮೇ ತಿಂಗಳಲ್ಲಿ ಐಲಾ ಚಂಡಮಾರುತ ಬಂದು ಊರಿನ ಮರಗಳನ್ನು ಮಲಗಿಸಿ ಹೋಯಿತು. ಆಮೇಲೆ ಜೂನ್ ಮುಗಿಯುತ್ತ ಬಂದರೂ ಮಳೆಯ ಸುಳಿವಿಲ್ಲ. ಕನ್ನಡ ಸಂಘದ ಸಭೆಯಲ್ಲಿ ರೈಲ್ವೆಯ ಶರಣಪ್ಪ ಆಮಂತ್ರಣ ಪತ್ರಿಕೆಯಲ್ಲೇ ಗಾಳಿ ಬೀಸಿಕೊಳ್ಳುತ್ತ ಎದ್ದು ನಿಂತ.

"ನಮ್ಮ ಕಡೆ ಹಿಂಗಾದ್ರ ಕಪ್ಪಿ ಲಗ್ನಾ ಮಾಡತಾರ್ರಿ. ಇಲ್ಲೂ ಒಂದು ಮಾಡೂಣು. ಹೆಂಗೂ ಈ ಸರ್ತಿ ನಾಟಕಕ್ಕ ಮಂದಿ ಸಿಕ್ಕಿಲ್ಲ."

"ನಮ್ಮಲ್ಲಿಯೂ ಉಂಟು," ಎಂದರು ಚಂದ್ರಾವತಿಯಮ್ಮ. "ಆದರೆ ಹೆಣ್ಣಿಗೊಂದು ತವರು ಬೇಕಲ್ಲ. ಹೆಣ್ಣಿನ ತಾಯಿ ನಾನು. ಈಗಲೇ ಹೇಳಿದ್ದೇನೆ, ಆಮೇಲೆ ಯಾರೂ ಪೈಪೋಟಿಗೆ ಬರಬಾರದು."

ಯಾರೂ ಬರುವವರಿರಲಿಲ್ಲ. ಚಂದ್ರಾವತಿಯಮ್ಮ ಟಾಲಿಗಂಜ್‌ನ ಒಂದು ಹೌಸಿಂಗ್‌ನ ಫ್ಲ್ಯಾಟಿನಲ್ಲಿ ಒಬ್ಬರೇ ಇರುವವರು. ನಮ್ಮ ಬ್ಯಾಂಕಿನಲ್ಲೇ ಇದ್ದ ಗಂಡ ನಿವೃತ್ತರಾದ ಮರುವರ್ಷ ತೀರಿಕೊಂಡರು, ಮಕ್ಕಳಿರಲಿಲ್ಲ. ಊರಿನಲ್ಲಿ ಇನ್ನು ನನ್ನ ಗುರುತು ಹಿಡಿಯುವವರು ಯಾರುಂಟು ಎಂದು ಇಲ್ಲೇ ನಿಂತರು.

"ಗಂಡಿನ ಕಡಿಂದ ಯಾರು?" ಎಂದ ಶರಣಪ್ಪ.

"ಜಯಕರ!" ಎಂದು ಚಂದ್ರಾವತಿಯಮ್ಮ ನನ್ನ ಕಡೆ ಕೈ ತೋರಿಸಿದರು. "ಅವನ ಕೊಳದಲ್ಲಿ ಗಂಡುಗಳೇ ಸಾಲು ಹಿಡಿದು ಕೂತಿವೆಯಂತಲ್ಲ."

ಹೀಗೆ ಒಮ್ಮೆಯೂ ಮದುಮಗನಾಗದ ನಾನು ನೇರವಾಗಿ ಮದುಮಗನ ಅಪ್ಪನಾದೆ. ಇಂಥ ಬಡ್ತಿ ನಮ್ಮ ಬ್ಯಾಂಕಿನಲ್ಲಿ ಯಾರಿಗೂ ಸಿಕ್ಕಿಲ್ಲ.

ವರ ಒಳ್ಳೆಯ ರೂಪವಂತ. ಇಲ್ಲಿಯವರು ಸೋನಾ ಬ್ಯಾಂಗ್, ಚಿನ್ನದ ಕಪ್ಪೆ, ಎನ್ನುವ ಜಾತಿ. ಮಳೆ ಹತ್ತಿರ ಬಂದಾಗ ಗಂಡಿನ ಮೈ ತಾನಾಗಿ ಅರಿಶಿನದ ಬಣ್ಣಕ್ಕೆ ತಿರುಗುತ್ತದೆ, ಎಣ್ಣೆಶಾಸ್ತ್ರದ ಖರ್ಚಿಲ್ಲ. ಹಿಂಗಾಲಿನಲ್ಲಿ ಒಂದು ಬೆರಳು ಇರಲಿಲ್ಲ, ಅದೊಂದೇ ಐಬು. ವಧುವನ್ನು ತಂದವನು ಶರಣಪ್ಪ.

"ಹೆಣ್ಣು ಸಿಕ್ತು ನೋಡ್ರಿ ಬೀಗರ! ಕಾಲೇಜ್ ಹುಡುಗೂರಿಗೆ ಕೊಯ್ಯಾಕ ಕಪ್ಪಿ ಮಾರತಾನಲ್ಲ, ಆ ಅಂಗಡ್ಯಾಗ. ಒಂದ ತೊಟ್ಟ್ಯಾಗ ತುಂಬಿ ಇಟ್ಟಾನ, ಒಂದರ ಮ್ಯಾಲೊಂದು. ಎಲ್ಲಾರಕಿಂತ ದೊಡ್ಡಾಕಿನ್ನ ಆರಿಸೇನಿ."

"ಪ್ರಾಕ್ಟಿಕಲ್ ಪರೀಕ್ಷೆಯಿಂದ ಪಾರಾದ ಕನ್ಯೆ," ಎಂದೆ. ಎಲ್ಲರೂ ನಕ್ಕರು. ನನಗೆ ಅಷ್ಟೇ ಸಾಕಾಗಿತ್ತು.

ಅವಳನ್ನು ಒಂದು ರಾತ್ರಿ ಚಂದ್ರಾವತಿಯಮ್ಮನ ಬಚ್ಚಲಿನ ಬಕೀಟಿನಲ್ಲಿಟ್ಟು, ತಾಯಿಮನೆಯ ಶಾಸ್ತ್ರ ಮುಗಿಸಿ, ಮರುದಿನ ಬೆಹಾಲಾಕ್ಕೆ ಕರೆತಂದರು. ನಮ್ಮ ಕೊಳದ ಮೆಟ್ಟಿಲ ಮೇಲೆ ಮದುವೆ. ಮಂತ್ರ ನಾನೇ ಹೇಳಿದೆ, ಕಾಳಿಘಾಟ್‌ನ ಪಂಡಾ ಒಬ್ಬನ ಮೂಗುದನಿಯಲ್ಲಿ. ಪಾಡಾದ, ಅಂದರೆ ನಮ್ಮ ಕೇರಿಯ, ಕ್ಲಬ್ಬಿನ ಹುಡುಗರು ಕ್ಯಾರಮ್ ಬಿಟ್ಟು ಬಂದು, ಮದುವೆಮನೆಯ ಹೆಂಗಸರ ಹಾಗೆ ನಾಲಿಗೆ ಹೊರಳಿಸಿ ಉಲುಲು ಹಾಕಿದರು. ಧಾರೆ ಎರೆದದ್ದೇ ತಡ, ಮದುಮಕ್ಕಳಿಬ್ಬರೂ ನೀರಿಗೆ ಹಾರಿದರು. ವಾರ ಕಳೆಯುವುದರೊಳಗೆ ಮಳೆ ಹಿಡಿಯಿತು.

"ನೋಡಿದೆಯಾ ನನ್ನ ಅಳಿಯನ ಕಾಲ್ಗುಣ!" ಎಂದು ಚಂದ್ರಾವತಿಯಮ್ಮ ಫೋನ್ ಮಾಡಿದರು.

"ಮೈಯಲ್ಲಿ ಅರ್ಧಕ್ಕರ್ಧ ಕಾಲೇ ಅಲ್ಲವಾ ಅಮ್ಮ, ಗುಣ ಇಲ್ಲದೆ ಎಲ್ಲಿ ಹೋಗುತ್ತದೆ?"

"ತಮಾಷೆ ಸಾಕು. ಆಟಿಗೆ ಇಬ್ಬರನ್ನೂ ಕರೆದುಕೊಂಡು ಬಾ."

ಜುಲೈ ನಡುವಿಗೆ ನಮ್ಮ ಕರಾವಳಿಯಲ್ಲಿ ಆಟಿ ತಿಂಗಳು ಶುರು. ಹೊಸದಾಗಿ ಮದುವೆಯಾದವಳು ಆಗ ತವರಿಗೆ ಬಂದು ಕೂರಬೇಕು. ಬಿಟ್ಟುಹೋಗಲು ಗಂಡನೂ ಬರುತ್ತಾನೆ, ಉಣ್ಣುತ್ತಾನೆ. ಆಗಲಿ ಎಂದೆ.

ಮೊದಲು ತೆಳುವಾದದ್ದು ಸಂಜೆಯ ಹಾಜರಿ. ಇಡೀ ಬ್ರಾಂಚು ಉತ್ತರಿಸುತ್ತಿದ್ದಲ್ಲಿ ನಾಲ್ಕೈದು ದನಿ ಮಾತ್ರ ಬರತೊಡಗಿತು. ಮಳೆ ಹೆಚ್ಚಾಗಿ ಕೇಳಿಸುತ್ತಿಲ್ಲವೇನೋ ಎಂದುಕೊಂಡೆ. ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಒಂದು ಕಪ್ಪೆ ಕೂತಿತ್ತು. ನಾನು ಹತ್ತಿರ ಹೋದರೂ ಹಾರಲಿಲ್ಲ. ಕಾಲಿನಿಂದ ಮುಟ್ಟಿದರೂ ಹಾರಲಿಲ್ಲ. ಕಪ್ಪೆಯೊಂದು ಹಾರದೆ ಕೂತರೆ ಹೆದರಿಕೆಯಾಗುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ತೊಡೆಯ ಒಳಬದಿ ಸಿಗರೇಟಿನಿಂದ ಸುಟ್ಟ ಹಾಗೆ ಕೆಂಪಗಿತ್ತು. ಮಧ್ಯಾಹ್ನದ ಹೊತ್ತಿಗೆ ಸತ್ತಿತು. ಆಮೇಲೆ ದಿನವೂ ನೀರಿನಂಚಿನಲ್ಲಿ ಬಿಳಿ ಹೊಟ್ಟೆಗಳು. ವಧುವನ್ನು ಮೈಯ ಗಾತ್ರದಿಂದಲೇ ಗುರುತು ಹಿಡಿದೆ. ಕಾಗೆಗಳು ಬಂದವು. ಕ್ಲಬ್ಬಿನ ಹುಡುಗರು ಮೂಗು ಮುಚ್ಚಿಕೊಂಡು "ಜಯದಾ, ಕೀ ಗಂಧೋ!" ಎಂದು ನನ್ನನ್ನೇ ದೂರಿದರು, ವಾಸನೆ ನನ್ನ ಮನೆಯಿಂದ ಬರುತ್ತಿರುವಂತೆ.

ಅದೊಂದು ಸಂಜೆ ಮಳೆ ನಿಂತಿತ್ತು. ಬಾಗಿಲು ತೆರೆದು 'ಕ್ವಾಂಗ್' ಎಂದೆ. ಸ್ವಲ್ಪ ಹೊತ್ತಿಗೆ ಆಚೆ ದಡದ ಗೋಡೆಗೆ ಬಡಿದು ಅದೇ 'ಕ್ವಾಂಗ್' ತಿರುಗಿ ಬಂತು. ಜೀವಮಾನದಲ್ಲಿ ಮೊದಲ ಸಲ ನನ್ನನ್ನು ಯಾರೋ ಅನುಕರಿಸಿದ್ದರು. ಅನುಕರಿಸಿಕೊಂಡವರಿಗೆ ಹೇಗಾಗುತ್ತದೆ ಎಂದು ತಿಳಿಯಿತು. ಬಾಗಿಲು ಹಾಕಿಕೊಂಡೆ.

ನಮ್ಮ ಸಂಘದ ಸಾವಿತ್ರಿಯವರಿಗೆ ಹೇಳಿಕಳಿಸಿದೆ. ಮೈಸೂರಿನವರು, ಪ್ರಾಣಿಗಳ ಬಗ್ಗೆ ಸಂಶೋಧನೆ ಮಾಡುವ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ. ಮದುವೆಯ ದಿನ ಊರಲ್ಲಿರಲಿಲ್ಲ. ಇದ್ದಿದ್ದರೆ ಮದುವೆಯೇ ನಡೆಯುತ್ತಿರಲಿಲ್ಲ. ಗಮ್‌ಬೂಟು, ಕೈಗವಸು, ಒಂದು ಬಕೀಟು ಬ್ಲೀಚಿಂಗ್ ಪೌಡರಿನ ನೀರು ಹಿಡಿದು ಬಂದರು. ಸತ್ತ ಕಪ್ಪೆಗಳಲ್ಲಿ ಹೊಸದಾಗಿ ಸತ್ತವನ್ನು ಆರಿಸಿ ಡಬ್ಬಿಗೆ ಹಾಕಿಕೊಂಡರು.

"ವೈರಸ್ ಇರಬೇಕು ಕಣ್ರೀ. ಮೇಲೆ ಹುಣ್ಣು, ಒಳಗೆ ರಕ್ತಸ್ರಾವ. ಹೊರದೇಶದ ಕೊಳಗಳಲ್ಲಿ ಹೀಗೇ ಒಟ್ಟೊಟ್ಟಿಗೆ ಸತ್ತಿರೋದನ್ನ ಬರೆದಿದಾರೆ. ಇದೂ ಅದೇನಾ ಅಂತ ಲ್ಯಾಬ್‌ನೋರು ಹೇಳೋವರೆಗೂ ನಾನು ಹೇಳಲ್ಲ."

"ನಮಗೆ ಅಂಟುತ್ತದಾ?"

"ನಿಮಗೇನೂ ಆಗಲ್ಲ. ನಿಮ್ಮ ಚಪ್ಪಲಿಗೂ ಏನೂ ಆಗಲ್ಲ. ಆದ್ರೆ ಆ ಒದ್ದೆ ಚಪ್ಪಲೀಲೇ ಇನ್ನೊಂದು ಕೊಳಕ್ಕೆ ಇಳಿದ್ರೆ ಅಲ್ಲಿರೋ ಕಪ್ಪೆಗಳು ಹೋಗ್ತವೆ. ಹೊಸದಾಗಿ ಏನಾದ್ರೂ ತಂದು ಬಿಟ್ರಾ ಇಲ್ಲಿ? ಮೀನು, ಕಪ್ಪೆ?"

"ಸೊಸೆ ಬಂದಳು," ಎಂದು ಇಡೀ ಕತೆ ಹೇಳಿದೆ. ಪ್ರಾಕ್ಟಿಕಲ್ ಪರೀಕ್ಷೆಯ ಮಾತನ್ನೂ ಹೇಳಿದೆ. ಅವರು ನಗಲಿಲ್ಲ.

"ಹತ್ತೂರಿನ ಕಪ್ಪೆ ಒಂದೇ ತೊಟ್ಟೀಲಿ ಬಿದ್ದಿರತ್ವೆ, ಒಂದಕ್ಕೆ ಬಂದ್ರೆ ಎಲ್ಲಕ್ಕೂ ಬಂತು. ಅವಳಿಂದಲೇ ಅಂತ ಆಣೆ ಮಾಡಿ ಹೇಳೋಕಾಗಲ್ಲ ಜಯಕರ. ಆದ್ರೂ ಅಲ್ರೀ, ಅಂಗಡಿಯಿಂದ ತಂದು ಕೊಳಕ್ಕೆ ಬಿಡೋದಾ?"

ವಧು, ವಧೆ ಎಂದು ಏನೋ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ನಾನು ಹಾಗೆ ನುಂಗುವವನಲ್ಲ.

ಒಂದು ಕಪ್ಪೆ ಮಾತ್ರ ಉಳಿದಿತ್ತು. ಹಿತ್ತಿಲಲ್ಲಿ ಪಾತ್ರೆ ತೊಳೆಯಲು ಕಟ್ಟಿಸಿದ ಹಳೆಯ ಸಿಮೆಂಟ್ ತೊಟ್ಟಿಯಿದೆ. ಸಾಯುವವರ ಗದ್ದಲದ ನಡುವೆ ಬಾಗಿಲ ಬಳಿ ಬಂದು ಕೂತಿದ್ದವನನ್ನು ಎತ್ತಿ ಅದರಲ್ಲಿ ಹಾಕಿದ್ದೆ. ಹಿಂಗಾಲಿನಲ್ಲಿ ಒಂದು ಬೆರಳಿಲ್ಲದವನು, ನನ್ನ ಮದುಮಗ. ಸಾವಿತ್ರಿ ಅವನನ್ನು ಮಗುಚಿ, ತೊಡೆ ನೋಡಿ, ಬಾಯಿ ನೋಡಿದರು.

"ಗಾಯ ಏನೂ ಇಲ್ಲ. ಗಟ್ಟಿಗ. ಆದ್ರೆ ರೋಗ ಮೈಯಲ್ಲೇ ಇಟ್ಕೊಂಡು ಚೆನ್ನಾಗಿರಬಹುದು. ಇವನನ್ನ ಎಲ್ಲಿಗೂ ಒಯ್ಬೇಡಿ. ಇಲ್ಲೇ ಇರಲಿ."

"ಒಬ್ಬನೇ?"

"ಒಬ್ಬನೇ."

"ಎಷ್ಟು ದಿನ?"

"ಅದು ನನಗೆ ಹೇಗ್ರೀ ಗೊತ್ತಾಗ್ಬೇಕು?" ಎಂದು ಬೂಟುಗಳನ್ನು ಬಕೀಟಿನಲ್ಲಿ ಅದ್ದಿ, ಇನ್ನೊಂದು ಕೊಳ ನೋಡಬೇಕು ಎಂದು ಹೊರಟರು.

ಅವನು ಸಂಜೆಯಾದರೆ ಕೂಗುತ್ತಿದ್ದ. ತೊಟ್ಟಿಯೊಳಗಿನ ಕೂಗು ಡ್ರಮ್ಮಿನೊಳಗಿಂದ ಬಂದಂತೆ ಗುಡುಗುಡು ಎನ್ನುತ್ತಿತ್ತು. ಕೂಗಿ, ಸ್ವಲ್ಪ ಬಿಟ್ಟು, ಮತ್ತೆ ಕೂಗುವುದು. ಆ ನಡುವೆ ಬಿಡುವ ಜಾಗ ಯಾರಿಗೆಂದು ನನಗೆ ಗೊತ್ತಿತ್ತು. ಮೊದಲೆರಡು ದಿನ ನಾನೇ ಉತ್ತರ ಕೊಟ್ಟೆ. ಆದರೆ ಬಗ್ಗಿ ನೋಡಿದರೆ ಅವನು ಕೊಳದ ದಿಕ್ಕಿಗೆ ಮುಖ ಮಾಡಿ ಕೂತಿರುತ್ತಿದ್ದ.

ಅಷ್ಟರಲ್ಲಿ ಆಟಿ ಬಂತು.

"ಎಂತ ಜಯಕರ, ನನ್ನ ಮಗಳು ಹೇಗಿದ್ದಾಳೆ?" ಚಂದ್ರಾವತಿಯಮ್ಮನ ಫೋನು.

"ಮಾತೇ ಇಲ್ಲ ಅಮ್ಮ."

"ಹೊಸತಲ್ಲವಾ, ನಾಚಿಕೆ. ಈ ಭಾನುವಾರ ಇಬ್ಬರನ್ನೂ ಕರೆದುಕೊಂಡು ಬಾ. ಪತ್ರೊಡೆ ಮಾಡುತ್ತೇನೆ. ಕೊಚು ಪಾತಾ ಬೇಕು ಅಂದದ್ದಕ್ಕೆ ತರಕಾರಿಯವ ಒಂದು ಹೊರೆ ಕೆಸುವಿನೆಲೆ ತಂದು ಹಾಕಿದ, ಪೆದ್ದ. ನಮ್ಮ ಹೌಸಿಂಗ್‌ನ ಹಿಂದೆ ಕೊಳ ಉಂಟಲ್ಲ, ಅದರಲ್ಲೇ ಬಿಡುವ. ತುಂಬ ಕಪ್ಪೆ ಉಂಟು, ರಾತ್ರಿ ನಿದ್ದೆ ಮಾಡಲು ಬಿಡುವುದಿಲ್ಲ. ತಿಂಗಳಿಡೀ ಇರಲಿ ನನ್ನ ಹತ್ತಿರ."

"ಅಮ್ಮಾ, ಒಂದು ವಿಷಯ ಹೇಳಬೇಕಿತ್ತು..."

"ಈ ಮನೆಗೆ ಆಟಿಗೆ ಅಂತ ಯಾರೂ ಬಂದದ್ದೇ ಇಲ್ಲ ಮಾರಾಯ. ನಾಲ್ಕು ಜನಕ್ಕಾಗುವಷ್ಟು ಅಕ್ಕಿ ನೆನೆಹಾಕುವುದು ಹೇಗೆ ಅಂತಲೇ ನನಗೆ ಮರೆತುಹೋಗಿದೆ. ಎಂತ ವಿಷಯ?"

"ಖಾರ ಕಮ್ಮಿ ಹಾಕಿ," ಎಂದೆ.

ಭಾನುವಾರ ಮಧ್ಯಾಹ್ನದಿಂದಲೇ ಮಳೆ. ತೊಟ್ಟಿಯವನು ಹಗಲಲ್ಲೇ ಶುರುಮಾಡಿದ. ಕೂಗುವುದು, ಬಿಡುವುದು, ಕೂಗುವುದು. ನಾನು ಹೊಸ ಮಣ್ಣಿನ ಮಡಕೆಗೆ ನೀರು ತುಂಬಿಸಿ, ಅವನನ್ನು ಎತ್ತಿ ಒಳಗೆ ಬಿಟ್ಟು, ಬಾಯಿಗೆ ಬಟ್ಟೆ ಕಟ್ಟಿದೆ. ಸಾವಿತ್ರಿಯವರ ಮಾತು ಮರೆತಿರಲಿಲ್ಲ. ಗಾಯವಿಲ್ಲ, ಗಟ್ಟಿಗ ಎಂದದ್ದೂ ಅವರೇ ಅಲ್ಲವೇ? 'ಇರಬಹುದು' ಎಂದರೆ ಇಲ್ಲದಿರಲೂಬಹುದು. ಅಲ್ಲಿ ನೀರಿದೆ, ಹೆಣ್ಣುಗಳಿವೆ, ಅವನ ಭಾಷೆ ಮಾತಾಡುವವರಿದ್ದಾರೆ. ಇಲ್ಲಿ ನಾನಿದ್ದೇನೆ. ಯಾರನ್ನು ಕೇಳಿದರೂ ಹೋಗು ಎಂದೇ ಹೇಳುತ್ತಿದ್ದರು. ಹೀಗೆ ವಾದಿಸಿಕೊಳ್ಳುತ್ತ ಕೊಡೆ ಹಿಡಿದು ಆಟೋ ಸ್ಟ್ಯಾಂಡಿನವರೆಗೆ ಬಂದೆ. ಮಡಕೆಯೊಳಗೆ ಅವನು ಒಮ್ಮೆ ಮಗುಚಿಕೊಂಡ. ಅಂಗೈಗೆ ತಿಳಿಯಿತು.

ಟಾಲಿಗಂಜ್‌ನ ಶೇರ್ ಆಟೋದಲ್ಲಿ ಡ್ರೈವರನ ಪಕ್ಕದ ಸೀಟು ಸಿಕ್ಕಿತು. ಮಡಕೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಹೊಸ ಮಡಕೆ ಬೆವರುವುದು ಸಹಜ. ಪ್ಯಾಂಟು ಒದ್ದೆಯಾಯಿತು, ಅಲ್ಲಿಂದ ಇಳಿದ ನೀರು ಚಪ್ಪಲಿಗೆ, ಚಪ್ಪಲಿಯಿಂದ ಆಟೋದ ನೆಲಕ್ಕೆ. ಹಿಂದೆ ಕೂತಿದ್ದ ಹೆಂಗಸೊಬ್ಬಳು, "ದಾದಾ, ಆಪ್ನಾರ್ ಹಾಂಡಿ ಥೇಕೆ ಜೋಲ್ ಪೊಡ್ಛೇ," ನಿಮ್ಮ ಮಡಕೆ ಸೋರುತ್ತಿದೆ ಎಂದು ಕಾಲು ಮೇಲೆತ್ತಿಕೊಂಡಳು. ಅವಳ ಚಪ್ಪಲಿಯ ಅಟ್ಟೆಯೂ ಒದ್ದೆ. ಅವಳು ಎಲ್ಲಿ ಇಳಿಯುತ್ತಾಳೋ, ಯಾವ ಕೊಳದ ಪಕ್ಕ ಅವಳ ಮನೆಯೋ. ನಮ್ಮ ಮೆಟ್ಟಿಲ ಮೇಲೆ ಹಾರದೆ ಕೂತಿದ್ದ ಆ ಮೊದಲನೆಯ ಕಪ್ಪೆಯನ್ನು ನಾನು ಕಾಲಿನಿಂದಲೇ ಮುಟ್ಟಿದ್ದೆ.

"ರೋಕೋ ಭಾಯಿ," ಎಂದೆ. ಆಟೋ ಹೊರಟು ಇನ್ನೂ ಮೊದಲ ತಿರುವು ದಾಟಿರಲಿಲ್ಲ. ಇಳಿಯುವ ಮುಂಚೆ ನನ್ನ ಕರವಸ್ತ್ರದಿಂದ ಆಟೋದ ನೆಲ ಒರೆಸಿದೆ, ಆ ಹೆಂಗಸಿನ ಚಪ್ಪಲಿಯನ್ನೂ. ಡ್ರೈವರು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದ. ಅವಳು "ಏ ಮಾ!" ಎಂದು ಕಾಲು ಎಳೆದುಕೊಂಡಳು.

ಮನೆಗೆ ಬಂದು ಅವನನ್ನು ತೊಟ್ಟಿಗೆ ಬಿಟ್ಟೆ. ಆ ಮಡಕೆಯನ್ನು ಒಡೆದು ಹಾಕಿದೆ. ಕೈ, ಕಾಲು, ಕೊಡೆಯ ತುದಿ ಎಲ್ಲವನ್ನೂ ಬ್ಲೀಚಿಂಗ್ ಪೌಡರಿನಲ್ಲಿ ತೊಳೆದು, ಬಟ್ಟೆ ಬದಲಿಸಿ, ಆಫೀಸಿನ ಬೂಟು ಹಾಕಿಕೊಂಡೆ. ಅಡುಗೆಮನೆಯಲ್ಲಿ ಮುಚ್ಚಳವಿದ್ದ ಸ್ಟೀಲ್ ಡಬ್ಬಿಯೊಂದಿತ್ತು. ಅದರಲ್ಲಿ ಕುಡಿಯುವ ನೀರು ತುಂಬಿಸಿ ಮತ್ತೆ ಹೊರಟೆ.

ಚಂದ್ರಾವತಿಯಮ್ಮ ರೇಷ್ಮೆ ಸೀರೆಯುಟ್ಟು ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿ ಆರತಿ ತಟ್ಟೆ.

"ಎಷ್ಟು ತಡ! ಡಬ್ಬಿಯಲ್ಲಿ ತಂದೆಯಾ? ಉಸಿರು ಕಟ್ಟುವುದಿಲ್ಲವಾ ಮಕ್ಕಳಿಗೆ? ಮುಚ್ಚಳ ತೆಗೆ, ಮುಖ ನೋಡುವ."

ಡಬ್ಬಿಯನ್ನು ಎದೆಗೊತ್ತಿಕೊಂಡು, ಮುಖ ಅದರ ಮೇಲೆ ಬಾಗಿಸಿ, ತುಟಿ ಅಲುಗದಂತೆ 'ಕ್ವಾಂಗ್' ಎಂದೆ. ಡಬ್ಬಿಯೊಳಗಿಂದ ಬಂದಂತೆ ಗುಡುಗುಡು ಇತ್ತು. ಅದನ್ನು ನಾನು ತೊಟ್ಟಿಯವನಿಂದ ಕಲಿತಿದ್ದೆ.

"ಅಯ್ಯೋ ನನ್ನ ಅಳಿಯ!" ಎಂದು ಅವರು ಡಬ್ಬಿಗೆ ಆರತಿ ಎತ್ತಿದರು. "ಅವಳು? ಅವಳು ಮಾತಾಡುವುದಿಲ್ಲವಾ?"

"ಹೆಣ್ಣು ಕಪ್ಪೆಗಳು ಹೀಗೆ ಕೂಗುವುದಿಲ್ಲ ಅಮ್ಮ."

"ಹೌದಾ? ಹಾಗಾದರೆ ರಾತ್ರಿಯಿಡೀ ವಟಗುಟ್ಟುವುದೆಲ್ಲ ಗಂಡಸರಾ! ಇವರೂ ಹಾಗೇ ಇದ್ದರು."

"ಈಗ ಮುಚ್ಚಳ ತೆಗೆದರೆ ಮನೆಯೊಳಗೇ ಹಾರಿಬಿಡುತ್ತವೆ. ಮಂಚದಡಿ ಸೇರಿದರೆ ಆಮೇಲೆ ನೀವೇ ಹುಡುಕಬೇಕು," ಎಂದೆ.

ಕೊಳದ ದಡದಲ್ಲಿ ಆಗಲೇ ಮಬ್ಬು ಕವಿದಿತ್ತು, ಮಳೆಯ ಮೋಡ. ಅವರಿಗೆ ಮೊಣಕಾಲು ನೋವು, ಮೆಟ್ಟಿಲ ಮೇಲೆಯೇ ಕೊಡೆ ಹಿಡಿದು ನಿಂತರು. ನಾನು ಇಳಿದು, ಬೆನ್ನು ಅವರ ಕಡೆ ಮಾಡಿ, ಜಲಕುಂಭಿಯ ಎಲೆಗಳ ನಡುವೆ ಡಬ್ಬಿಯ ನೀರು ಸುರಿದೆ. ಅಂಗೈಯಿಂದ ನೀರನ್ನು ಎರಡು ಸಲ ಬಡಿದೆ, ಇಬ್ಬರು ಹಾರಿದಂತೆ. ಮತ್ತೆ ಕೈಬೊಗಸೆಯೊಳಗೆ ಕೂಗಿದೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಯಾರನ್ನೂ ಅನುಕರಿಸಿಲ್ಲ.

ಆಚೆ ಮೂಲೆಯಿಂದ ಒಬ್ಬ ಉತ್ತರಿಸಿದ. ಬಲಕ್ಕೊಬ್ಬ. ಆಮೇಲೆ ಕೊಳವೇ ಬಾಯಿ ತೆರೆದಂತೆ, ಒಬ್ಬರ ಮಾತು ಮುಗಿಯುವ ಮೊದಲು ಇನ್ನೊಬ್ಬರು, ಪೂಜೆಯ ಚಂದಾ ವಿಷಯದಲ್ಲಿ ಜಗಳಾಡುವ ಪಾಡಾದವರ ಹಾಗೆ. ನಾನು ಅಲ್ಲೇ ಕೂತುಬಿಟ್ಟೆ. ಆಫೀಸಿನ ಬೂಟಿನೊಳಗೆ ನೀರು ಹೊಕ್ಕಿತು.

"ಕೇಳಿತಾ ಜಯಕರ? ಅಳಿಯನನ್ನು ಎಷ್ಟು ಜನ ಮಾತಾಡಿಸುತ್ತಿದ್ದಾರೆ!" ಚಂದ್ರಾವತಿಯಮ್ಮನ ದನಿ ಒಡೆದಿತ್ತು. "ಯಾಕೆ ಹಾಗೆ ಕೂತೆ? ಕಾಲು ಜಾರಿತಾ?"

"ಹ್ಞೂಂ, ಸ್ವಲ್ಪ."

ಅಳಿಯನಿಗೆಂದು ಹಾಕಿದ್ದ ಮಣೆಯ ಮೇಲೆ ನನ್ನನ್ನು ಕೂರಿಸಿ ಬಡಿಸಿದರು. ಪತ್ರೊಡೆ ಬೇಡವೆಂದರೂ ಬಿಡಲಿಲ್ಲ. ಖಾರ ನಿಜವಾಗಿಯೂ ಕಮ್ಮಿ ಹಾಕಿದ್ದರು. ಕಿಟಕಿಯಾಚೆಯ ಗಲಾಟೆಗೆ ಕಿವಿಗೊಟ್ಟು, "ಈಗ ಕೂಗಿದ್ದು ಅವನೇ," "ಅಲ್ಲ, ಇದು ಬೇರೆಯವ," ಎಂದು ಅಳಿಯನ ದನಿ ಗುರುತಿಸುತ್ತಿದ್ದರು. ನಾನು ಹೌದೌದು ಎಂದೆ. ಇಡೀ ಕಲ್ಕತ್ತದಲ್ಲಿ ಆ ದಿನದ ನನ್ನ ಪ್ರದರ್ಶನಕ್ಕೆ ಚಪ್ಪಾಳೆ ತಟ್ಟಬೇಕಾದವರು ಅವರೊಬ್ಬರೇ. ಅವರಿಗೇ ಅದು ತಿಳಿಯಕೂಡದಾಗಿತ್ತು.

"ವಾರ ವಾರ ಬಂದು ಮಗನನ್ನು ನೋಡಿಕೊಂಡು ಹೋಗು," ಎಂದರು ಕಳಿಸುವಾಗ. ಬರುತ್ತೇನೆ ಎಂದೆ. ಬೂಟು ತೊಳೆದು, ಒಣಗಿಸಿಕೊಂಡು.

ಬೆಹಾಲಾಕ್ಕೆ ಬಂದಾಗ ಮನೆಮನೆಯಲ್ಲಿ ಟಿವಿ ಸೀರಿಯಲ್ಲಿನ ಸದ್ದು. ತೊಟ್ಟಿಯವನು ಕೂಗುತ್ತಲೇ ಇದ್ದ. ಬಟ್ಟೆಯನ್ನೂ ಬದಲಿಸದೆ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಅವನು ಕೂಗಿ, ಬಿಟ್ಟ. ಆ ಬಿಡುವಿನಲ್ಲಿ ನಾನು ಟಾಲಿಗಂಜ್‌ನ ಕೊಳವನ್ನು ತಂದಿಟ್ಟೆ. ಮೊದಲು ದೂರದ ಮೂಲೆಯವನು. ಆಮೇಲೆ ಬಲಗಡೆಯವನು, ಅವನದು ತುಸು ಕೀರಲು. ಆಮೇಲೆ ಒಬ್ಬರ ಮೇಲೊಬ್ಬರು ಬೀಳುವ ಆ ಜಗಳ, ನನ್ನ ಉಸಿರು ಸಾಲುವಷ್ಟು.

ಅವನು ಸುಮ್ಮನಾದ. ತಿರುಗಿ ನನ್ನ ಕಡೆ ಮುಖ ಮಾಡಿದ. ಗೋಡೆಗೆ ಮುಂಗಾಲು ಹಚ್ಚಿ ಹಾರಿದ. ಸಿಮೆಂಟಿಗೆ ಬಡಿದು ಕೆಳಗೆ ಬಿದ್ದ. ಮತ್ತೆ ಹಾರಿದ, ಮತ್ತೆ ಬಿದ್ದ. ಮೂತಿಯ ಹತ್ತಿರ ತರಚಿ ಕೆಂಪಾಯಿತು. ಈ ಸಲ ಅವನ ಬೆರಳುಗಳು ತೊಟ್ಟಿಯ ಅಂಚಿಗೆ ತಾಗಿದವು. ನನ್ನ ಬಾಯಿಯಿಂದ ಇನ್ನೂ ಕೂಗು ಹೊರಡುತ್ತಿತ್ತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ.

ಅವನು ಕಾದ. ಒಮ್ಮೆ ಕರೆದು ನೋಡಿದ. ಇನ್ನೊಮ್ಮೆ ಕರೆದ.

ನಾನು ಎದ್ದು ಹೋಗಿ, ಹಳೆಯ ಕಿಟಕಿಯ ಜಾಲರಿಯೊಂದನ್ನು ತಂದು ತೊಟ್ಟಿಯ ಬಾಯಿಗೆ ಹಾಸಿ, ನಾಲ್ಕೂ ಮೂಲೆಗೆ ಇಟ್ಟಿಗೆ ಇಟ್ಟೆ. ಒಂದು ಇಟ್ಟಿಗೆ ಜಾರಿ ಸದ್ದಾಯಿತು. ಆಮೇಲೆ ನಾನು ಯಾವ ಸದ್ದೂ ಮಾಡಲಿಲ್ಲ.